ಎಳೆಯ ಮಕ್ಕಳಿಗೆ ಋತುಪಾಠ: ಜಕ್ಕೂರಿನ ಸುತ್ತಿನಲ್ಲಿ ಕೈಯಾರೆ ಮಾಡಿ ಕಲಿಯತಕ್ಕ ಕ್ರಮ

ವ್ಯವಸಾಯದಲ್ಲಿ ನೆಲ, ನೀರು, ಗೊಬ್ಬರ, ಬಿತ್ತನೆಯ ಬೀಜ ಇವು ಎಷ್ಟು ಮುಖ್ಯವೋ ಕಾಲವೂ ಅಷ್ಟೇ ಮುಖ್ಯವೆಂಬುದು ಬೇಸಾಯಗಾರರೆಲ್ಲರೂ ಬಲ್ಲ ವಿಷಯವೇ. ಒಳ್ಳೆಯ ನೆಲದಲ್ಲಿ ಒಳ್ಳೆಯ ಬೀಜವನ್ನು ಕಾಲ ಮೀರಿ ಬಿತ್ತಿದವನ ಬೆಳೆಗಿಂತ, ಸಾಧಾರಣವಾದ ನೆಲದಲ್ಲಿ ಹದವರಿತು ಬಿತ್ತಿದವನ ಬೆಳೆಯೇ ಮೇಲಾಗುವುದುಂಟು. ಈ ಕಾಲಜ್ಞಾನವನ್ನು ಹಿಂದೆ ಯಾವ ಪಾಠಶಾಲೆಯಲ್ಲಿಯೂ ಕಲಿಸಬೇಕಾಗಿರಲಿಲ್ಲ. ತಂದೆಯ ಹಿಂದೆ ನೇಗಿಲ ಸಾಲಿನಲ್ಲಿ ನಡೆದ ಮಗುವಿಗೂ, ತಾಯಿಯೊಡನೆ ಕಣದಲ್ಲಿ ಕುಳಿತ ಮಗುವಿಗೂ ಅದು ತಾನಾಗಿಯೇ ಬರುತ್ತಿತ್ತು. ಈಗ ಆ ಏರ್ಪಾಡು ತಪ್ಪಿದೆ. ಮಗುವು ಬೆಳಗ್ಗೆ ಪಾಠಶಾಲೆಗೆ ಹೋಗಿ ಸಂಜೆ ಮನೆ ಸೇರುವುದು. ಹೊಲವಿದ್ದರೂ ಅದನ್ನು ಕಾಣುವುದು ಅಪರೂಪ. ನಾಳೆ ಆ ಹೊಲಕ್ಕೆ ಒಡೆಯನಾಗಬೇಕಾದವನು ಈ ಮಗುವೇ ಆಗಿರುವುದರಿಂದ, ಕಾಲಜ್ಞಾನವನ್ನು ಪಾಠಶಾಲೆಯೇ ಕೊಡಬೇಕಾಗಿದೆ. ಅಲ್ಲಿ ಅದು ಸರಿಯಾಗಿ ದೊರೆಯುವಂತೆ ನೋಡಿಕೊಳ್ಳುವುದು ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ ಸೇರಿದ ಕರ್ತವ್ಯವಾಗಿದೆ.

ಜಕ್ಕೂರಿನ ನಿದರ್ಶನ

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಜಕ್ಕೂರು ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿದೆ. ಹಿಂದೆ ಇದು ಕೆರೆಯ ಕೆಳಗೆ ಗದ್ದೆ ತೋಟಗಳೂ, ಮೇಲೆ ರಾಗಿಯ ಹೊಲಗಳೂ ಇದ್ದ ಗ್ರಾಮ. ೧೯೪೮ರಲ್ಲಿ ಇಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಸ್ಥಾಪಿತವಾಯಿತು. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯು ರಚಿತವಾದ ಮೇಲೆ ಊರು ನಗರದ ಎಲ್ಲೆಯೊಳಕ್ಕೆ ಸೇರಿ, ಹೊಲಗಳಲ್ಲಿ ಬಹುಭಾಗವು ಮನೆ ನಿವೇಶನಗಳಾಗಿ ಮಾರ್ಪಟ್ಟಿತು.

ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದುಂಟು. ಸುಮಾರು ೧೬೦ ಎಕರೆ ವಿಸ್ತೀರ್ಣದ ಜಕ್ಕೂರು ಕೆರೆಯು ಒಂದು ಕಾಲದಲ್ಲಿ ಮಳೆಗೆ ತುಂಬಿ ಬೇಸಿಗೆಗೆ ಇಳಿಯುತ್ತಿದ್ದಿತು. ಕೆರೆಯ ಏರಿಯ ಮೇಲೆ ನಿಂತ ಮಗುವಿಗೆ ನೀರಿನ ಮಟ್ಟವೇ ಕಾಲವನ್ನು ತಿಳಿಸುತ್ತಿದ್ದಿತು. ಈಗ ಜಲಮಂಡಳಿಯು ದಿನಕ್ಕೆ ೧ ಕೋಟಿ ಲೀಟರು ಸಾಮರ್ಥ್ಯದಿಂದ ಆರಂಭಿಸಿದ ಶುದ್ಧೀಕರಣ ಕೇಂದ್ರದ ನೀರು, ಜೊಂಡು ಬೆಳೆಸಿದ ಜವುಗಿನ ಮೂಲಕ ಹಾದು ವರ್ಷವೆಲ್ಲ ಕೆರೆಗೆ ಬರುವುದು. ಕೆರೆಯು ಉಳಿದುದಕ್ಕೆ ಈ ನೀರೇ ಆಧಾರವಾದುದರಿಂದ ಇದು ಸಂತೋಷಪಡತಕ್ಕ ವಿಷಯವೇ. ಆದರೆ ಚೈತ್ರದಲ್ಲಿಯೂ ಕಾರ್ತಿಕದಲ್ಲಿಯೂ ಕೆರೆಯು ತುಂಬಿಯೇ ಕಾಣುವುದರಿಂದ, ಹಿಂದಿನಂತೆ ಕೆರೆಯನ್ನು ನೋಡಿ ಕಾಲವನ್ನು ತಿಳಿಯುವುದು ಅಲ್ಲಿನ ಮಕ್ಕಳಿಗೆ ಅಸಾಧ್ಯವಾಗಿದೆ. ಹೊಲವೂ ಹೋಗಿ, ಕೆರೆಯ ಗುರುತೂ ಅಳಿದ ಮೇಲೆ, ಬೇರೆ ಗುರುತುಗಳನ್ನು ಮಗುವಿನ ಕೈಗೆ ಕೊಡದಿದ್ದರೆ ಋತುವೆಂಬುದು ಪುಸ್ತಕದ ಒಂದು ಪದವಾಗಿ ಮಾತ್ರ ಉಳಿಯುವುದು.

ಇದೇ ಸುತ್ತಿನಲ್ಲಿ ಕಾಲವನ್ನೂ ಬೆಳೆಯನ್ನೂ ಕುರಿತ ಪರಿಶೋಧನೆಯು ಬಹುಕಾಲದಿಂದ ನಡೆದುಬಂದಿದೆ. ೧೮೯೯ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ, ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಕ್ಷೇತ್ರಕ್ಕಾಗಿ ೩೦ ಎಕರೆ ಭೂಮಿಯನ್ನು ಕೊಡಲಾಯಿತು. ೧೯೧೩ರಲ್ಲಿ ಅಲ್ಲಿಯೇ ವ್ಯವಸಾಯ ಪಾಠಶಾಲೆಯೂ, ೧೯೪೬ರಲ್ಲಿ ಕಾಲೇಜೂ ಏರ್ಪಟ್ಟು, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವು ಜಕ್ಕೂರಿನ ನೆರೆಯಲ್ಲಿಯೇ ಇದೆ. ಮಳೆಯ ಲೆಕ್ಕವನ್ನಿಡುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಯಲಹಂಕದಲ್ಲಿದೆ. ಇಷ್ಟು ವಿದ್ಯೆ ಸುತ್ತಲೂ ಇರುವಾಗ ಆರು ವರ್ಷದ ಮಗುವಿಗೆ ರಾಗಿಯು ಯಾವ ತಿಂಗಳಲ್ಲಿ ತೆನೆ ಬಿಡುವುದೆಂಬುದು ತಿಳಿಯದೆ ಹೋಗಲು ಕಾರಣವಿಲ್ಲ.

ಪುಸ್ತಕದ ಪಾಠದ ಕುಂದು

ಎಳೆಯ ಮಕ್ಕಳಿಗೆ ಋತುಗಳನ್ನು ಸಾಮಾನ್ಯವಾಗಿ ಎರಡು ವಿಧವಾಗಿ ಕಲಿಸುವುದುಂಟು. ಮೊದಲನೆಯದು, ಶೀತದೇಶಗಳ ನಾಲ್ಕು ಋತುಗಳ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ತೋರಿಸುವುದು. ಹಿಮ ಬೀಳುವ ಚಳಿಗಾಲವನ್ನೂ, ಎಲೆಗಳೆಲ್ಲ ಕೆಂಪಾಗಿ ಉದುರುವ ಶರತ್ಕಾಲವನ್ನೂ ಜಕ್ಕೂರಿನ ಮಗುವು ಎಂದೂ ಕಂಡಿರುವುದಿಲ್ಲ. ಮಳೆಗಾಲಕ್ಕೆ ಆ ಚಿತ್ರಗಳಲ್ಲಿ ಸ್ಥಾನವೇ ಇಲ್ಲ; ಈ ಸೀಮೆಯ ರೈತನಿಗಾದರೋ ಮಳೆಗಾಲವೇ ವರ್ಷದ ತಲೆ.

ಎರಡನೆಯದು, ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರವೆಂಬ ಆರು ಹೆಸರುಗಳನ್ನು ಬಾಯಿಪಾಠ ಮಾಡಿಸುವುದು. ಇವು ನಮ್ಮ ಪೂರ್ವಿಕರ ಹೆಸರುಗಳಾದುದರಿಂದ ಮಗುವು ಅವನ್ನು ತಿಳಿದಿರತಕ್ಕದ್ದೇ ಸರಿ. ಆದರೆ ಪಂಚಾಂಗದಂತೆ ಗ್ರೀಷ್ಮವೆಂದರೆ ಜ್ಯೇಷ್ಠ ಆಷಾಢ ಮಾಸಗಳು; ಬೆಂಗಳೂರಿನ ಕಡೆ ಆ ವೇಳೆಗೆ ಮುಂಗಾರು ಹಿಡಿದು ಹೊಲವು ಹಸುರಾಗಿರುವುದು. ಇಲ್ಲಿ ಅತ್ಯಂತ ಸೆಕೆಯಾದ ಕಾಲವು ಏಪ್ರಿಲ್ ತಿಂಗಳು. ಅದು ಪಂಚಾಂಗದ ವಸಂತದಲ್ಲಿ ಬರುವುದು. ಹೆಸರನ್ನು ಮೊದಲು ಕಲಿತ ಮಗುವು ಕಣ್ಣಿಗೆ ಕಂಡುದನ್ನು ನಂಬಬೇಕೋ, ಪುಸ್ತಕವನ್ನು ನಂಬಬೇಕೋ ತಿಳಿಯದೆ ತೊಡಕಿಗೆ ಬೀಳುವುದು. ಆದುದರಿಂದ ಮೊದಲು ಕಾಣುವುದು, ಬಳಿಕ ಅಳೆಯುವುದು, ಕಡೆಗೆ ಹೆಸರಿಡುವುದು, ಈ ಕ್ರಮವೇ ಎಳೆಯರಿಗೆ ತಕ್ಕುದು.

ಮಾಡಿ ಕಲಿಯುವ ಈ ಪದ್ಧತಿಯು ಕರ್ನಾಟಕಕ್ಕೆ ಹೊಸದಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಅನಂತರ ರಾಜ್ಯದ ಸರ್ಕಾರಿ ಪ್ರಾಥಮಿಕ ಪಾಠಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಅದರ ಕೊಠಡಿಯಲ್ಲಿ ಮಕ್ಕಳು ದಿನದಿನವೂ ಗುರುತುಮಾಡುವ ಹವಾಮಾನದ ಪಟ್ಟಿಯೂ ಒಂದು ಸಾಧನವಾಗಿರುವುದು. ಕೆಳಗೆ ವಿವರಿಸುವ ಐದು ಪಾಠಗಳು ಆ ಪಟ್ಟಿಯನ್ನು ಗೋಡೆಯಿಂದ ಅಂಗಳಕ್ಕೂ, ಅಂಗಳದಿಂದ ಹೊಲಕ್ಕೂ ಕೊಂಡೊಯ್ಯುವ ಉಪಾಯಗಳು. ಪಾಠಶಾಲೆಗಳು ಬೇಸಿಗೆಯ ರಜೆಯ ಮೇಲೆ ಮುಂಗಾರಿನ ಹೊತ್ತಿಗೆ ತೆರೆಯುವುದರಿಂದ, ಬೇಸಾಯದ ವರ್ಷವೂ ಪಾಠದ ವರ್ಷವೂ ಒಟ್ಟಿಗೆ ಆರಂಭವಾಗುವುದು ದೊಡ್ಡ ಅನುಕೂಲ.

ಮೊದಲನೆಯ ಪಾಠ: ಕಾಳಿನ ಸೀಸೆಗಳು

ಓದು ಬರಹ ಬಾರದ ಐದು ವರ್ಷದ ಮಗುವೂ ಇದನ್ನು ಮಾಡಬಲ್ಲದು. ತಿಂಗಳಿಗೆ ಒಂದರಂತೆ ಹನ್ನೆರಡು ಗಾಜಿನ ಸೀಸೆಗಳನ್ನು ಸಾಲಾಗಿ ಇಡತಕ್ಕದ್ದು. ಬಿಸಿಲಿನ ದಿನಕ್ಕೆ ಒಂದು ತೊಗರಿ ಕಾಳು, ಮೋಡದ ದಿನಕ್ಕೆ ಒಂದು ಹುರುಳಿ ಕಾಳು, ಮಳೆಯ ದಿನಕ್ಕೆ ಒಂದು ಕರಿಯ ಉದ್ದಿನ ಕಾಳು, ಬೆಳಗ್ಗೆ ಮಂಜು ಮುಸುಕಿದ ದಿನಕ್ಕೆ ಒಂದು ಬಿಳಿಯ ಅಲಸಂದೆ ಕಾಳು, ಹೀಗೆ ದಿನಕ್ಕೊಂದು ಕಾಳನ್ನು ಸರದಿಯ ಮಗುವು ಆ ತಿಂಗಳ ಸೀಸೆಗೆ ಹಾಕಬೇಕು. ರಜೆಯ ದಿನಗಳನ್ನು ಮಕ್ಕಳು ಮನೆಯಲ್ಲಿಯೇ ಗಮನಿಸಿ, ಮರುದಿನ ಬಂದು ಹೇಳತಕ್ಕದ್ದು. ತಿಂಗಳ ಕಡೆಯಲ್ಲಿ ಕಾಳುಗಳನ್ನು ಸುರಿದು, ವಿಂಗಡಿಸಿ, ಎಣಿಸಿ, ಮತ್ತೆ ತುಂಬಿಡುವುದರಿಂದ ಲೆಕ್ಕದ ಪಾಠವೂ ಆಗುವುದು.

ವರ್ಷ ಮುಗಿಯುವ ವೇಳೆಗೆ ಸೀಸೆಗಳ ಸಾಲೇ ಒಂದು ಚಿತ್ರವಾಗಿ ನಿಲ್ಲುವುದು. ಸೆಪ್ಟೆಂಬರಿನ ಸೀಸೆಯಲ್ಲಿ ಕಪ್ಪು ಹೆಚ್ಚಿರುವುದನ್ನೂ, ಫೆಬ್ರವರಿಯದರಲ್ಲಿ ಕಪ್ಪು ಕಾಳು ಹುಡುಕಿದರೂ ಸಿಕ್ಕದಿರುವುದನ್ನೂ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಾಳುಗಳನ್ನು ಮೊದಲೇ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಸೀಸೆಯಲ್ಲಿ ಒಣಗಿದ ಬೇವಿನ ಎಲೆ ಒಂದೆರಡನ್ನು ಇಟ್ಟರೆ ಹುಳು ಬೀಳುವುದು ಕಡಿಮೆಯಾಗುವುದು. ತೀರ ಎಳೆಯ ಮಕ್ಕಳು ಕಾಳನ್ನು ಮೂಗು ಕಿವಿಗಳಿಗೆ ಹಾಕಿಕೊಳ್ಳುವುದುಂಟಾದುದರಿಂದ ಉಪಾಧ್ಯಾಯರ ಕಣ್ಣೆದುರಿನಲ್ಲಿಯೇ ಈ ಕೆಲಸ ನಡೆಯತಕ್ಕದ್ದು.

ಎರಡನೆಯ ಪಾಠ: ಮಳೆಯ ಡಬ್ಬಿ

ಮಳೆ ಬಂದಿತೆಂಬುದು ಒಂದು ಮಾತು. ಎಷ್ಟು ಬಂದಿತೆಂಬುದು ಬೇರೆ ಮಾತು. ಬಾಯಿಯೂ ತಳವೂ ಒಂದೇ ಅಗಲವಾಗಿ, ಪಕ್ಕಗಳು ನೇರವಾಗಿರುವ ಯಾವ ಡಬ್ಬಿಯಾದರೂ ಮಳೆಯನ್ನು ಅಳೆಯಲು ಸಾಕು. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಪಾತ್ರೆಯು ತಪ್ಪು ಲೆಕ್ಕ ಕೊಡುವುದರಿಂದ ಅದು ಕೂಡದು. ಡಬ್ಬಿಯನ್ನು ಬಯಲಿನಲ್ಲಿ, ಗೋಡೆ ಅಥವಾ ಮರವು ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ, ಗಾಳಿಗೆ ಬೀಳದಂತೆ ಇಟ್ಟಿಗೆಗಳ ನಡುವೆ ಇಡತಕ್ಕದ್ದು. ಹವಾಮಾನ ಇಲಾಖೆಯವರು ಬೆಳಗ್ಗೆ ೮½ ಗಂಟೆಗೆ ಮಳೆಯನ್ನು ಅಳೆಯುವರು. ಪಾಠಶಾಲೆಯಲ್ಲಿ ಮೊದಲನೆಯ ಗಂಟೆಯಾದೊಡನೆ ಅಳೆದರೂ ಆಗಬಹುದು, ಆದರೆ ಹೊತ್ತು ದಿನದಿನಕ್ಕೆ ಬದಲಾಗಬಾರದು. ಅಳತೆಪಟ್ಟಿಯನ್ನು ನೀರಿನೊಳಕ್ಕೆ ನೇರವಾಗಿ ಇಳಿಸಿ, ನೆನೆದ ಎತ್ತರವನ್ನು ನೋಡಿ ಬರೆದುಕೊಂಡು, ನೀರನ್ನು ಚೆಲ್ಲಿ ಮತ್ತೆ ಇಡಬೇಕು. ಬರೆಯಲು ಬಾರದ ಮಕ್ಕಳು ಅಷ್ಟೇ ಉದ್ದದ ಕಾಗದದ ಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಬಹುದು.

ಬೆಂಗಳೂರಿನ ಸುತ್ತಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೩೮ ಅಂಗುಲ, ಎಂದರೆ ೯೭೦ ಮಿಲಿಮೀಟರಿನಷ್ಟು ಮಳೆಯಾಗುವುದು. ಅದರಲ್ಲಿ ಸೆಪ್ಟೆಂಬರು ತಿಂಗಳೊಂದರಲ್ಲಿಯೇ ೮ ಅಂಗುಲದಷ್ಟು ಬೀಳುವುದು. ಜನವರಿಯಲ್ಲಿ ಬೀಳುವುದು ಕಾಲು ಅಂಗುಲಕ್ಕೂ ಕಡಿಮೆ. ಒಂದು ಅಂಗುಲ ಮಳೆಯೆಂದರೆ ಎಕರೆಗೆ ಸುಮಾರು ೧ ಲಕ್ಷ ೩ ಸಾವಿರ ಲೀಟರು ನೀರು; ಒಂದು ಗುಂಟೆಗೆ ಸುಮಾರು ೨,೫೭೦ ಲೀಟರು. ಆ ಗುಂಟೆಗೆ ೧೫ ಲೀಟರಿನ ಕೊಡದಲ್ಲಿ ಅಷ್ಟು ನೀರನ್ನು ಹೊತ್ತುಹಾಕಬೇಕಾದರೆ ೧೭೦ ಕೊಡಗಳಾಗುವುವು. ಈ ಲೆಕ್ಕವನ್ನು ಕೇಳಿದ ಎಂಟು ವರ್ಷದ ಮಗುವು ಒಂದು ಹದಮಳೆಯ ಬೆಲೆಯನ್ನು ಮರೆಯಲಾರದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆಯಾದುದರಿಂದ, ಅಲ್ಲಿನ ಲೆಕ್ಕವನ್ನು ಡಬ್ಬಿಯ ಲೆಕ್ಕದೊಡನೆ ಹೋಲಿಸಿ ನೋಡುವುದೂ ಉಪಯುಕ್ತ. ಎರಡೂ ಒಂದೇ ಆಗಿರದಿದ್ದರೆ ಮಕ್ಕಳು ಸುಳ್ಳು ಹೇಳಿದರೆಂದು ಎಣಿಸಬಾರದು. ಹೊಲದ ಈ ಬದುವಿಗೆ ಬಂದ ಮಳೆಯು ಆ ಬದುವಿಗೆ ಬಾರದಿರುವುದನ್ನು ರೈತರೆಲ್ಲರೂ ಬಲ್ಲರಷ್ಟೆ.

ಮೂರನೆಯ ಪಾಠ: ನೆರಳಿನ ಕೋಲು

ಋತುಗಳಿಗೆ ಮೂಲಕಾರಣವು ಸೂರ್ಯನ ಗತಿಯಲ್ಲಿ ಕಾಣುವುದು. ಇದನ್ನು ತೋರಿಸಲು ಮೂರು ಅಡಿ, ಎಂದರೆ ೩೬ ಅಂಗುಲ ಉದ್ದದ ನೆಟ್ಟನೆಯ ಕೋಲೊಂದನ್ನು ಅಂಗಳದ ಸಮನಾದ ಜಾಗದಲ್ಲಿ ತೂಕದ ದಾರ ಹಿಡಿದು ನೇರವಾಗಿ ನಿಲ್ಲಿಸತಕ್ಕದ್ದು. ತಿಂಗಳಿಗೊಮ್ಮೆ, ೨೨ನೆಯ ತಾರೀಖಿನ ಸುಮಾರಿಗೆ, ಮಧ್ಯಾಹ್ನದ ನೆರಳಿನ ತುದಿಗೆ ಒಂದು ಗೂಟ ಹೊಡೆಯಬೇಕು. ಇಂಡಿಯಾ ದೇಶದ ಗಡಿಯಾರವು ಜಕ್ಕೂರಿಗೆ ಪೂರ್ವದಲ್ಲಿರುವ ರೇಖೆಯನ್ನು ಅನುಸರಿಸುವುದರಿಂದ ಇಲ್ಲಿ ನಿಜವಾದ ನಡುಹಗಲು ೧೨ ಗಂಟೆಯಾದ ಸುಮಾರು ೨೦ ನಿಮಿಷದ ಮೇಲೆ ಬರುವುದು. ಅದು ತಿಂಗಳಿಂದ ತಿಂಗಳಿಗೆ ಸ್ವಲ್ಪ ಹಿಂದುಮುಂದಾಗುವುದು. ನೆರಳು ಅತ್ಯಂತ ಗಿಡ್ಡವಾದ ಹೊತ್ತೇ ನಡುಹಗಲೆಂದು ತಿಳಿದರೆ ಸಾಕು. ಮಕ್ಕಳು ನೆರಳನ್ನು ಮಾತ್ರ ನೋಡಬೇಕು. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣಿಗೆ ಹಾನಿ.

ಹೀಗೆ ಮಾಡಿದರೆ ಡಿಸೆಂಬರು ೨೨ರಲ್ಲಿ ನೆರಳು ಉತ್ತರಕ್ಕೆ ಸುಮಾರು ೨೬½ ಅಂಗುಲ ಬೀಳುವುದು. ಮಾರ್ಚಿ ಮತ್ತು ಸೆಪ್ಟೆಂಬರು ತಿಂಗಳುಗಳ ೨೨ರ ಸುಮಾರಿನಲ್ಲಿ ಅದು ೮ ಅಂಗುಲಕ್ಕೆ ತುಸು ಮೇಲಿರುವುದು. ಏಪ್ರಿಲ್ ೨೪ರ ಸುಮಾರಿಗೂ ಆಗಸ್ಟ್ ೧೮ರ ಸುಮಾರಿಗೂ ಸೂರ್ಯನು ನೆತ್ತಿಯ ಮೇಲೆಯೇ ಬರುವುದರಿಂದ ನಡುಹಗಲಿನಲ್ಲಿ ನೆಟ್ಟನೆಯ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ನೆರಳು ದಕ್ಷಿಣಕ್ಕೆ ತಿರುಗುವುದು. ಜೂನ್ ೨೧ರಲ್ಲಿ ಅದು ದಕ್ಷಿಣಕ್ಕೆ ಸುಮಾರು ೬½ ಅಂಗುಲವಿರುವುದು. ಸೂರ್ಯನು ಯಾವಾಗಲೂ ದಕ್ಷಿಣದ ಕಡೆಗೇ ವಾಲಿರುವನೆಂದು ನಂಬಿದ ದೊಡ್ಡವರಿಗೂ ಇದು ಆಶ್ಚರ್ಯವನ್ನುಂಟುಮಾಡುವುದು. ಏಪ್ರಿಲಿನ ದಿನವು ಬೇಸಿಗೆಯ ರಜೆಯಲ್ಲಿ ಬರುವುದರಿಂದ ಮಕ್ಕಳು ಅದನ್ನು ಮನೆಯಂಗಳದಲ್ಲಿ ನೋಡಬಹುದು. ಆಗಸ್ಟಿನ ದಿನವು ಪಾಠಶಾಲೆಯ ಕಾಲದಲ್ಲಿ ಬಂದರೂ ಮೋಡವಿರದಿದ್ದರೆ ಮಾತ್ರ ಕಾಣುವುದು.

ಬೇಸಿಗೆಯಲ್ಲಿ ಭೂಮಿಯು ಸೂರ್ಯನಿಗೆ ಹತ್ತಿರವಾಗುವುದೆಂಬ ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತಿದ್ದಬಹುದು. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ. ಅದು ಇಲ್ಲಿ ಚಳಿಯ ಕಾಲ. ಭೂಮಿಯು ೨೩½ ಅಂಶದಷ್ಟು ಓರೆಯಾಗಿ ನಿಂತು ಸೂರ್ಯನನ್ನು ಸುತ್ತುವುದೇ ನೆರಳು ಉದ್ದ ಗಿಡ್ಡವಾಗುವುದಕ್ಕೂ ಋತುಗಳಿಗೂ ಕಾರಣ. ಏಳೆಂಟು ವರ್ಷದವರಿಗೆ ಒಂದು ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿ, ಓರೆಯಾಗಿ ಹಿಡಿದು, ಆ ಓರೆಯನ್ನು ಬದಲಿಸದೆ ದೀಪದ ಸುತ್ತಲೂ ನಡೆಸಿ ತೋರಿಸಿದರೆ ಸಾಕಾಗುವುದು. ಜೂನ್ ತಿಂಗಳಲ್ಲಿಯೂ ಸೂರ್ಯನು ನೆತ್ತಿಗೆ ಸಮೀಪವಾಗಿದ್ದರೂ ಏಪ್ರಿಲಿನಷ್ಟು ಸೆಕೆ ಇಲ್ಲದಿರುವುದೇಕೆಂಬ ಪ್ರಶ್ನೆಗೆ ಮಕ್ಕಳೇ ಕಾಳಿನ ಸೀಸೆಗಳನ್ನು ನೋಡಿ, ಮೋಡವೂ ಮಳೆಯೂ ಬಂದುವೆಂದು ಉತ್ತರ ಹೇಳಬಲ್ಲರು.

ನಾಲ್ಕನೆಯ ಪಾಠ: ಒಂದು ಮರ

ತರಗತಿಗೆ ಒಂದು ಮರವನ್ನು ಗೊತ್ತುಮಾಡಿ, ವಾರಕ್ಕೊಮ್ಮೆ ಅದರ ಬಳಿಗೆ ಮಕ್ಕಳನ್ನು ಕರೆದೊಯ್ಯತಕ್ಕದ್ದು. ಎಳೆಯ ಎಲೆ, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಇವು ಇಲ್ಲವೋ, ಕೆಲವಿವೆಯೋ, ಬಹಳವಿವೆಯೋ ಎಂಬಷ್ಟನ್ನು ಮಾತ್ರ ಗುರುತುಮಾಡಿದರೆ ಸಾಕು. ೨೦೧೦ರ ಸುಮಾರಿನಿಂದ ದೇಶದ ಹಲವು ಪಾಠಶಾಲೆಗಳ ಮಕ್ಕಳು ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಇದೇ ರೀತಿಯಾಗಿ ಮರಗಳ ದಾಖಲೆಯನ್ನಿಟ್ಟಿದ್ದಾರೆ. ವಿಷು ಹಬ್ಬಕ್ಕೆ ಅರಳುವುದೆಂದು ಕೇರಳದವರು ನಂಬಿರುವ ಕಕ್ಕೆ ಮರವು ಹಬ್ಬಕ್ಕೆ ಬಹಳ ಮುಂಚೆಯೇ ಹೂಬಿಡುವುದು ಇಂತಹ ದಾಖಲೆಗಳಿಂದ ಕಂಡುಬಂದಿದೆ. ಮಕ್ಕಳ ಗುರುತು ಆಟವಾಗಿ ಆರಂಭವಾದರೂ ದೊಡ್ಡವರಿಗೆ ಬೇಕಾದ ಸಾಕ್ಷಿಯಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಜಕ್ಕೂರಿನ ಸುತ್ತಿನಲ್ಲಿ ಹೊಂಗೆಯ ಮರವು ಈ ಪಾಠಕ್ಕೆ ಅತ್ಯುತ್ತಮ. ಅದು ಚಳಿಯ ಕಡೆಯಲ್ಲಿ ಎಲೆಯುದುರಿಸಿ, ಶಿವರಾತ್ರಿಯ ಹಿಂದುಮುಂದಾಗಿ ಹೊಳೆಯುವ ಚಿಗುರನ್ನು ತಳೆದು, ಯುಗಾದಿಯ ಸುಮಾರಿಗೆ ಹೂವನ್ನು ನೆಲಕ್ಕೆಲ್ಲ ಹಾಸುವುದು. ಫೆಬ್ರವರಿ ಮಾರ್ಚಿಗಳಲ್ಲಿ ಮುತ್ತುಗದ ಹೂವು, ಬೇಸಿಗೆಯ ಮೊದಲಲ್ಲಿ ಬೇವಿನ ಹೂವು, ಜೂನ್ ಜುಲೈಗಳಲ್ಲಿ ನೇರಳೆಯ ಹಣ್ಣು, ಡಿಸೆಂಬರಿನಿಂದ ಮುಂದೆ ಮಾವಿನ ಹೂವು, ಇವು ಉಳಿದ ಗುರುತುಗಳು. ಕೆರೆಯ ನೀರಿನ ಮಟ್ಟವು ಕಾಲವನ್ನು ಹೇಳದಿದ್ದರೂ ಕೆರೆಯ ಹಕ್ಕಿಗಳು ಇಂದಿಗೂ ಹೇಳುವುವು. ಚಳಿಗಾಲಕ್ಕೆ ವಲಸೆ ಬರುವ ಬಾತುಗಳು ಬೇಸಿಗೆಗೆ ಮುನ್ನ ಹೊರಟುಹೋಗುವುವು.

ಐದನೆಯ ಪಾಠ: ಒಂದು ಗುಂಟೆ ರಾಗಿ

ಇದು ಪಾಠಗಳಲ್ಲೆಲ್ಲ ಮುಖ್ಯವಾದುದು. ಭೂಮಾಲೀಕರ ಸಹಾಯವಿಲ್ಲದೆ ನಡೆಯಲಾರದುದೂ ಇದೇ. ಪಾಠಶಾಲೆಯ ಆವರಣದಲ್ಲಾಗಲಿ ಪಕ್ಕದ ಹೊಲದಲ್ಲಾಗಲಿ ಒಂದು ಗುಂಟೆ ನೆಲವಿದ್ದರೆ ಸಾಕು. ಕೂರಿಗೆಯ ಬಿತ್ತನೆಗೆ ಎಕರೆಗೆ ಸುಮಾರು ೪ ಕಿಲೋಗ್ರಾಂ ರಾಗಿ ಬೇಕಾಗುವುದರಿಂದ ಗುಂಟೆಗೆ ೧೦೦ ಗ್ರಾಂ ಸಾಲುವುದು. ನೆಲವನ್ನು ಮೂರು ಪಟ್ಟೆಗಳಾಗಿ ಭಾಗಮಾಡಿ, ಒಂದೇ ಬೀಜವನ್ನು ಮೊದಲನೆಯ ಪಟ್ಟೆಗೆ ಜೂನ್ ಕಡೆಯಲ್ಲಿಯೂ, ಎರಡನೆಯದಕ್ಕೆ ಜುಲೈ ನಡುವಿನಲ್ಲಿಯೂ, ಮೂರನೆಯದಕ್ಕೆ ಆಗಸ್ಟಿನ ಮೊದಲಲ್ಲಿಯೂ, ಸಾಲಿನಿಂದ ಸಾಲಿಗೆ ಒಂದು ಅಡಿ ಬಿಟ್ಟು ಬಿತ್ತಿಸತಕ್ಕದ್ದು. ಹೆಬ್ಬಾಳದ ಕಡೆಯ ಜಿ.ಪಿ.ಯು. ೨೮ ಎಂಬ ತಳಿಯು ೧೧೦ರಿಂದ ೧೧೫ ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ಈ ಕೆಲಸಕ್ಕೆ ಅನುಕೂಲವಾದುದು. ಬದಿಯಲ್ಲಿ ಒಂದು ಅಕ್ಕಡಿ ಸಾಲು ಅವರೆಯನ್ನು ಹಾಕಿದರೆ ರಾಗಿಯ ಕೊಯ್ಲಾದ ಮೇಲೆಯೂ, ಮಂಜು ಬೀಳುವ ಕಾಲದಲ್ಲಿ, ಹೊಲದಲ್ಲಿ ನೋಡತಕ್ಕದ್ದು ಉಳಿಯುವುದು.

ಮಕ್ಕಳು ಬಿತ್ತಿದ ದಿನ, ಮೊಳಕೆ ಕಂಡ ದಿನ, ಪೈರು ಮೊಣಕಾಲೆತ್ತರವಾದ ದಿನ, ತೆನೆ ಇಣುಕಿದ ದಿನ, ತೆನೆ ಕಂದಾದ ದಿನ, ಇವನ್ನು ಪಟ್ಟೆ ಪಟ್ಟೆಗೂ ಬೇರೆಬೇರೆಯಾಗಿ ಗುರುತುಮಾಡಬೇಕು. ಕೊಯ್ಲಾದ ಮೇಲೆ ಮೂರು ಪಟ್ಟೆಗಳ ಕಾಳನ್ನೂ ಬೇರೆಬೇರೆಯಾಗಿ ತೂಗತಕ್ಕದ್ದು. ಒಂದೇ ನೆಲ, ಒಂದೇ ಬೀಜ, ಒಂದೇ ಗೊಬ್ಬರವಿದ್ದರೂ ಬಿತ್ತಿದ ಹೊತ್ತು ಬೇರೆಯಾದುದರಿಂದ ಫಲವು ಬೇರೆಯಾಗುವುದನ್ನು ಕಣ್ಣಾರೆ ಕಂಡ ಮಗುವು ಕಾಲದ ಬೆಲೆಯನ್ನು ಕುರಿತು ಮತ್ತೆ ಉಪದೇಶ ಕೇಳಬೇಕಾಗಿಲ್ಲ. ಮಳೆ ತಪ್ಪಿ ಒಂದು ಪಟ್ಟೆಯು ಒಣಗಿಹೋದರೂ ಚಿಂತೆಯಿಲ್ಲ. ಬೆಳೆ ಕೆಟ್ಟರೂ ಪಾಠ ಕೆಡುವುದಿಲ್ಲ. ನೆಲ ದೊರೆಯದ ಬಡಾವಣೆಯ ಪಾಠಶಾಲೆಗಳಲ್ಲಿ ಮೂರು ಹಳೆಯ ಬಾಣಲೆಗಳಲ್ಲಿಯೋ ಮಣ್ಣು ತುಂಬಿದ ಚೀಲಗಳಲ್ಲಿಯೋ ಇದನ್ನೇ ಚಿಕ್ಕದಾಗಿ ಮಾಡಬಹುದು.

ಪಾಠಗಳನ್ನು ಜೋಡಿಸುವ ಚಕ್ರ

ವರ್ಷದ ಕಡೆಯಲ್ಲಿ ಕೊಠಡಿಯ ನೆಲದ ಮೇಲೆ ಗಾಡಿಯ ಚಕ್ರದಷ್ಟು ದೊಡ್ಡ ವೃತ್ತವೊಂದನ್ನು ಬರೆದು ಹನ್ನೆರಡು ಭಾಗ ಮಾಡತಕ್ಕದ್ದು. ಒಳಸುತ್ತಿನಲ್ಲಿ ಕಾಳಿನ ಸೀಸೆಗಳು, ಅದರ ಹೊರಗೆ ಮಳೆಯ ಪಟ್ಟಿಗಳು, ಅದರ ಹೊರಗೆ ನೆರಳಿನ ಉದ್ದದ ದಾರಗಳು, ಕಡೆಯ ಸುತ್ತಿನಲ್ಲಿ ಮರದ ಎಲೆ ಹೂಗಳೂ ರಾಗಿಯ ಪೈರು ತೆನೆಗಳೂ ಬರುವುವು. ಆಮೇಲೆ ಮಳೆಗಾಲ, ಚಳಿಗ಼ಾಲ, ಬೇಸಿಗೆಗಾಲ ಎಂಬ ಹೆಸರುಗಳನ್ನು ಮಕ್ಕಳೇ ತಕ್ಕ ಸ್ಥಳದಲ್ಲಿ ಇಡುವರು. ಅನಂತರ ಆರು ಋತುಗಳ ಹೆಸರನ್ನೂ, ಅಶ್ವಿನಿ ಭರಣಿ ಮೊದಲಾದ ಮಳೆನಕ್ಷತ್ರಗಳನ್ನೂ ಸೇರಿಸತಕ್ಕದ್ದು. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿಯು ಮೇ ಕಡೆಯಲ್ಲಿ, ಆರಿದ್ರೆಯು ಜೂನ್ ಕಡೆಯಲ್ಲಿ, ಹಸ್ತ ಚಿತ್ತೆಗಳು ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬರುವುವು. ಈ ದಿನ ಊರಿನ ಅಜ್ಜ ಅಜ್ಜಿಯರನ್ನು ಕರೆಸಿ ಮಳೆಗಳನ್ನು ಕುರಿತ ಗಾದೆಗಳನ್ನು ಹೇಳಿಸಿದರೆ ಮಕ್ಕಳು ತಮ್ಮ ಲೆಕ್ಕವನ್ನು ಅವರ ಮಾತಿನೊಡನೆ ಹೋಲಿಸಿ ನೋಡುವರು.

ಇಲ್ಲಿ ಒಂದು ಪ್ರಶ್ನೆ ಹುಟ್ಟುವುದು ಸಹಜ. ನೆರಳು ಡಿಸೆಂಬರು ೨೨ಕ್ಕೇ ಹಿಂದಿರುಗಿದರೂ ಸಂಕ್ರಾಂತಿಯು ಜನವರಿ ೧೪, ೧೫ಕ್ಕೆ ಬರುವುದೇಕೆ? ಸಂಕ್ರಾಂತಿಯೂ ಮಳೆನಕ್ಷತ್ರಗಳೂ ಸೂರ್ಯನು ನಕ್ಷತ್ರಗಳ ನಡುವೆ ಇರುವ ಸ್ಥಾನವನ್ನು ಅನುಸರಿಸುವುವು. ನೆರಳಾದರೋ ಭೂಮಿಯ ಓರೆಯನ್ನು ಅನುಸರಿಸುವುದು. ಇವೆರಡರ ನಡುವೆ ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಅಂತರವು ಬೆಳೆಯುತ್ತ ಬಂದಿದೆ. ಪೂರ್ವಿಕರ ಲೆಕ್ಕವು ತಪ್ಪಲ್ಲ. ಆದರೆ ಅದನ್ನು ಕಣ್ಣುಮುಚ್ಚಿ ಹಿಡಿಯದೆ ಹೊಲದಲ್ಲಿ ಕಂಡುದರೊಡನೆ ಸರಿನೋಡಿಕೊಳ್ಳಬೇಕೆಂಬುದನ್ನು ಮಗುವು ಇದರಿಂದ ಕಲಿಯುವುದು.

ಎಚ್ಚರಿಕೆಗಳು

೧. ಪಾಠದ ನೆಪದಲ್ಲಿ ಮಕ್ಕಳನ್ನು ಕೂಲಿಗಳಂತೆ ದುಡಿಸಬಾರದು. ಉಳುಮೆ, ಕುಂಟೆ ಹೊಡೆಯುವುದು, ಕಳೆ ಕೀಳುವುದು, ಕೊಯ್ಲು ಇವು ದೊಡ್ಡವರ ಕೆಲಸ. ಮಕ್ಕಳು ಒಂದು ಹಿಡಿ ಬಿತ್ತಿ, ಒಂದು ತೆನೆ ಕೊಯ್ದರೆ ಸಾಕು.

೨. ಕೀಟನಾಶಕ ಸಿಂಪಡಿಸಿದ ಹೊಲಕ್ಕೆ ಮಕ್ಕಳನ್ನು ಕರೆದೊಯ್ಯಬಾರದು. ಅವರ ಗುಂಟೆಗೆ ಕೊಟ್ಟಿಗೆಯ ಗೊಬ್ಬರ ಮಾತ್ರ ತಕ್ಕುದು.

೩. ಕೆರೆಯ ದಡಕ್ಕೆ ದೊಡ್ಡವರಿಲ್ಲದೆ ಹೋಗಕೂಡದು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಳೆಯ ಡಬ್ಬಿಯನ್ನು ನೋಡಲು ಬಯಲಿಗೆ ಕಳುಹಿಸಕೂಡದು.

೪. ಲೆಕ್ಕವು ತಪ್ಪಿದರೆ ತಪ್ಪಿತೆಂದೇ ಬರೆಯಿಸತಕ್ಕದ್ದು. ಚೆನ್ನಾಗಿ ಕಾಣಲೆಂದು ತಿದ್ದಿಸಿದರೆ ಮಗುವು ಸುಳ್ಳನ್ನು ಕಲಿಯುವುದು.

ಯಜಮಾನರೂ ಭೂಮಾಲೀಕರೂ ಮಾಡತಕ್ಕದ್ದು

ಮೇಲಣ ಪಾಠಗಳಿಗೆ ಬೇಕಾದ ಸೀಸೆ, ಡಬ್ಬಿ, ಕೋಲು, ಕಾಳು ಇವು ಯಾವ ಊರಿನಲ್ಲಿಯೂ ಹಣವಿಲ್ಲದೆ ದೊರೆಯುವುವು. ದೊರೆಯಲು ಕಷ್ಟವಾದುದು ಒಂದು ಗುಂಟೆ ನೆಲವೂ, ಹಿರಿಯರ ಅರ್ಧ ದಿನದ ಬಿಡುವೂ ಮಾತ್ರ. ಜಕ್ಕೂರಿನಂತಹ ಊರುಗಳಲ್ಲಿ ಗುಂಟೆಯ ಬೆಲೆ ಎಷ್ಟೆಂಬುದನ್ನು ಭೂಮಾಲೀಕರಿಗೆ ಹೇಳಬೇಕಾದುದಿಲ್ಲ. ಆದರೆ ನೆಲವನ್ನು ದಾನಕೊಡಬೇಕೆಂದು ಇಲ್ಲಿ ಹೇಳಿಲ್ಲ. ಜೂನಿನಿಂದ ಜನವರಿಯವರೆಗೆ ಎಂಟು ತಿಂಗಳು ಮಕ್ಕಳ ಪಾಲಿಗೆ ಬಿಟ್ಟುಕೊಟ್ಟರೆ ಸಾಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ಊರಿನ ಪ್ರಮುಖರು ಉಪಾಧ್ಯಾಯರೊಡನೆ ಕುಳಿತು ಮೇ ತಿಂಗಳ ಕಡೆಯಲ್ಲಿಯೇ ಇದನ್ನು ಗೊತ್ತುಮಾಡಬಹುದು. ಉಳುಮೆಗೆ ಒಂದು ಬೆಳಗು, ಕಣದ ದಿನ ಮಕ್ಕಳನ್ನು ಕರೆದು ತೋರಿಸಲು ಒಂದು ಸಂಜೆ, ಇಷ್ಟೇ ವೆಚ್ಚ.

ಇದರಿಂದ ಬರುವ ಲಾಭವು ಮಕ್ಕಳಿಗೆ ಮಾತ್ರ ಸೇರಿದುದಲ್ಲ. ಮಕ್ಕಳು ಇಡುವ ಪುಸ್ತಕವನ್ನು ವರ್ಷದ ಕಡೆಯಲ್ಲಿ ಹರಿದು ಬಿಸಾಡದೆ, ಪಾಠಶಾಲೆಯ ಪೆಟ್ಟಿಗೆಯಲ್ಲಿ ಕಾಪಾಡಿಡತಕ್ಕದ್ದು. ಹತ್ತು ವರ್ಷಗಳ ಪುಸ್ತಕಗಳು ಸೇರಿದಾಗ, ಮೊದಲ ಹದಮಳೆಯು ಯಾವ ವಾರ ಬರುತ್ತಿದೆ, ಹಿಂಗಾರು ಎಷ್ಟು ದಿನ ಹಿಂದುಮುಂದಾಗಿದೆ, ಯಾವ ಹೊತ್ತಿನ ಬಿತ್ತನೆ ಎಷ್ಟು ಸಲ ಫಲಿಸಿತು ಎಂಬುದು ಊರಿಗೆ ಊರೇ ಬರೆದುಕೊಂಡ ಲೆಕ್ಕವಾಗಿ ನಿಲ್ಲುವುದು. ಮಳೆಗಳ ನಡೆಯು ಹಿರಿಯರ ನೆನಪಿನಂತೆ ಇಲ್ಲವೆಂದು ಎಲ್ಲ ಕಡೆಯೂ ಕೇಳಿಬರುತ್ತಿರುವ ಈ ಕಾಲದಲ್ಲಿ ಅಂತಹ ಲೆಕ್ಕವಿರುವ ಗ್ರಾಮವು ಊಹೆಯಿಂದಲ್ಲದೆ ಸಾಕ್ಷಿಯಿಂದ ಬಿತ್ತನೆಗೆ ಇಳಿಯಬಲ್ಲದು.

ಹೊಲವನ್ನು ಮಗನಿಗೋ ಮಗಳಿಗೋ ಪತ್ರದ ಮೂಲಕ ಒಪ್ಪಿಸುವುದು ಒಂದು ದಿನದ ಕೆಲಸ. ಆ ಹೊಲದ ಕಾಲವನ್ನು ಒಪ್ಪಿಸಲು ವರ್ಷಗಳು ಬೇಕು. ಅದಕ್ಕೆ ಎಳೆತನವೇ ತಕ್ಕ ಹೊತ್ತು. ಹದ ಮೀರಿದ ಮೇಲೆ ಬಿತ್ತಿದ ಬೀಜದಂತೆ, ವಯಸ್ಸು ಮೀರಿದ ಮೇಲೆ ಕಲಿಸಿದ ಈ ವಿದ್ಯೆಯೂ ಚೆನ್ನಾಗಿ ಬೇರೂರುವುದಿಲ್ಲವಾದುದರಿಂದ, ಬರುವ ಮುಂಗಾರಿಗೆ ಪಾಠಶಾಲೆಯು ತೆರೆಯುವುದರೊಳಗಾಗಿ ಊರೂರಿನಲ್ಲಿಯೂ ಮಕ್ಕಳಿಗಾಗಿ ಒಂದೊಂದು ಗುಂಟೆಯನ್ನು ಗೊತ್ತುಮಾಡಿಡುವುದು ಯಜಮಾನರಾದವರಿಗೆ ಶ್ರೇಯಸ್ಕರವಾದುದು.